ಕೆಡದಿರುವುದೇ ಅದರ ಕೇಡು

ರಾಯಚೂರಿನಿಂದ ಸಿಂಧನೂರಿಗೆ ಹೋಗುವಾಗ ಮಾನ್ವಿ ದಾಟಿದ ಮೇಲೆ ಸಿಗುವ ಪೋತ್ನಾಳದಲ್ಲಿ ಬೀಜ, ಗೊಬ್ಬರ, ಎಣ್ಣಿ ಮಾರುವ ಅಂಗಡಿಗಳಿಗೆ ಬರವಿಲ್ಲ. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅಂತಲೇ ಹೆಸರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ವಲಸೆ ರೈತರ ಕ್ಯಾಂಪುಗಳು ಬಂದವು, ಅವುಗಳ ಹಿಂದೆ ಎಣ್ಣಿ ಬಂತು. ಕಾಲುವೆ ಮುಟ್ಟದ ದೇವದುರ್ಗ, ಮಾನ್ವಿಯ ಎರೆಹೊಲಗಳಿಗೆ ಅದು ಹತ್ತಿ, ಮೆಣಸಿನಕಾಯಿಯ ಬೆನ್ನು ಹತ್ತಿ ಬಂತು. ಇಂಥ ಅಂಗಡಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತರೆ ಸಾಕು, ಯಾರೋ ಒಬ್ಬರು ಕೇಳುತ್ತಾರೆ: "ಇದು ಬ್ಯಾನ್ ಆಗೇದಂತಲ್ಲ, ಖರೇ ಏನ್ರಿ?" ಆಗಿಲ್ಲ ಎಂದರೆ ಡಬ್ಬಿ ಕೈಚೀಲಕ್ಕೆ ಇಳಿಯುತ್ತದೆ. ಆಗಿದೆ ಎಂದರೆ ಇನ್ನೊಂದು ಹೆಸರಿನ ಡಬ್ಬಿ ಇಳಿಯುತ್ತದೆ.

ನನ್ನ ತಕರಾರು ಈ ಪ್ರಶ್ನೆಯ ಬಗ್ಗೆಯೇ. ಬ್ಯಾನ್ ಆಗಿದೆಯೋ ಇಲ್ಲವೋ ಎಂಬುದು ಸರಕಾರದ ಲೆಕ್ಕ. ಮನೆಯವರು ಕೇಳಬೇಕಾದದ್ದು ಬೇರೆ: ಬಳಸಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ? ಎಷ್ಟು ದಿನಕ್ಕೆ ಕೆಡುತ್ತದೆ? ಎರಡನೆಯದಕ್ಕೆ "ಕೆಡುವುದೇ ಇಲ್ಲ" ಎಂಬುದು ಉತ್ತರವಾದರೆ, ಆ ವಸ್ತುವಿನ ಹೆಸರು ಯಾವ ನಿಷೇಧ ಪಟ್ಟಿಯಲ್ಲಿ ಇಲ್ಲದಿದ್ದರೂ ಎಚ್ಚರ ಬೇಕು. ಈ ಮಾತು ಹೊಲದ ಎಣ್ಣಿಗೆ ಮಾತ್ರ ಅಲ್ಲ. ಒಲೆ ಮೇಲಿನ ತವಾ, ಮಳೆಗಾಲದ ಜಾಕೆಟ್, ಸೋಫಾದ ಸ್ಪಂಜು, ಟಿವಿಯ ಪ್ಲಾಸ್ಟಿಕ್ ಎಲ್ಲಕ್ಕೂ ಅನ್ವಯಿಸುತ್ತದೆ.

ವಿಷದಲ್ಲಿ ಎರಡು ಜಾತಿ ಇವೆ. ಈಗ ನಮ್ಮ ಹೊಲಗಳಲ್ಲಿ ಹೆಚ್ಚಾಗಿ ಹೊಡೆಯುವ ಪ್ರೊಫೆನೊಫಾಸ್, ಈಚಿನವರೆಗೆ ಹೊಡೆಯುತ್ತಿದ್ದ ಮೊನೊಕ್ರೊಟೊಫಾಸ್ ಥರದವು ಮೊದಲನೇ ಜಾತಿ. ಮೈಮೇಲೆ ಬಿದ್ದರೆ, ಉಸಿರಿಗೆ ಹೋದರೆ, ಹೊಟ್ಟೆಗೆ ಹೋದರೆ, ಅಂದೇ ತಮ್ಮ ಗುಣ ತೋರಿಸುತ್ತವೆ. ಆದರೆ ಬಿಸಿಲು, ನೀರು, ಮಣ್ಣಿನ ಸೂಕ್ಷ್ಮಜೀವಿ ಸೇರಿ ಅವನ್ನು ದಿನಗಳಲ್ಲೋ ವಾರಗಳಲ್ಲೋ ಒಡೆದುಹಾಕುತ್ತವೆ. ಎರಡನೇ ಜಾತಿ ಮೆತ್ತಗಿನದು. ಇದರಲ್ಲಿ ಹೆಚ್ಚಿನವು ಕೈಗೆ ಮೆತ್ತಿದರೂ ಆ ಹೊತ್ತಿಗೆ ಏನೂ ಆದಂತೆ ಕಾಣುವುದಿಲ್ಲ, ಅದಕ್ಕೇ ಮನೆಯೊಳಗೆ ಬಂದವು. ಈ ಜಾತಿಯ ಅಣುಗಳಲ್ಲಿ ಇಂಗಾಲದ ಜತೆ ಕ್ಲೋರಿನ್, ಬ್ರೋಮಿನ್ ಅಥವಾ ಫ್ಲೋರಿನ್ ಬಿಗಿಯಾಗಿ ಕೂತಿರುತ್ತದೆ. ಇಂಥ ಬೆಸುಗೆಯನ್ನು ಒಡೆಯುವ ಅಭ್ಯಾಸ ಮಣ್ಣಿನ ಜೀವಿಗಳಿಗಿಲ್ಲ. ಕ್ಲೋರಿನ್ ಇರುವವು ನೀರಿನಲ್ಲಿ ಕರಗುವುದು ಕಡಿಮೆ, ಕೊಬ್ಬಿನಲ್ಲಿ ಕರಗುವುದು ಜಾಸ್ತಿ. ಹೊಲದ ಹುಲ್ಲಿನಿಂದ ಎಮ್ಮೆಗೆ, ಎಮ್ಮೆಯ ಹಾಲಿನಿಂದ ಮನುಷ್ಯರಿಗೆ, ತಾಯಿಯಿಂದ ಕೂಸಿಗೆ ಹೋಗುತ್ತ ಹೋಗುತ್ತ ಅದರ ಪ್ರಮಾಣ ಏರುತ್ತದೆ. ಒಂದೇ ಸಲಕ್ಕೆ ಬೀಳುವ ಪೆಟ್ಟಲ್ಲ ಇದು, ತಿಂಗಳ ಬಡ್ಡಿ ಕಟ್ಟದೆ ಬೆಳೆಯುತ್ತ ಹೋಗುವ ಸಾಲ.

ನಮ್ಮ ಮನೆಗಳಿಗೆ ಹೀಗೆ ಬಂದ ಮೊದಲನೇ ಅತಿಥಿ ಡಿಡಿಟಿ. 1874ರಲ್ಲೇ ತಯಾರಾಗಿ ಸುಮ್ಮನೆ ಬಿದ್ದಿದ್ದ ಈ ಪುಡಿಗೆ ಕೀಟ ಕೊಲ್ಲುವ ಗುಣ ಇದೆಯೆಂದು ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್ 1939ರಲ್ಲಿ ಕಂಡುಕೊಂಡರು, 1948ರಲ್ಲಿ ನೊಬೆಲ್ ಪಡೆದರು. ಭಾರತ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುಮಾಡಿ, 1958ರಲ್ಲಿ ಅದನ್ನು ನಿರ್ಮೂಲನ ಕಾರ್ಯಕ್ರಮ ಎಂದು ಹೆಸರು ಬದಲಿಸಿ, ಊರೂರಿಗೆ ಪಂಪು ಹೊತ್ತ ಜನರನ್ನು ಕಳಿಸಿತು. ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆ ಎಲ್ಲದರ ಗೋಡೆಗೂ ಬಿಳಿ ನೀರು ಬಿತ್ತು. ಹೊಡೆದ ತಾರೀಖನ್ನು ಬಾಗಿಲ ಹತ್ತಿರ ಬರೆದು ಹೋದರು. ಗೋಡೆ ಸಾರಿಸಬ್ಯಾಡ್ರೆವ್ವಾ ಎಂದು ಅವರು ಹೇಳುವುದು, ಹಬ್ಬ ಹತ್ತಿರ ಬಂತೆಂದು ಹೆಣ್ಣುಮಕ್ಕಳು ಮಣ್ಣು, ಸಗಣಿ ಕಲಸಿ ಸಾರಿಸಿಬಿಡುವುದು, ಇದು ಎಷ್ಟೋ ಊರುಗಳ ಕಥೆ. ಗೋಡೆಯ ಮೇಲೆ ತಿಂಗಳುಗಟ್ಟಲೆ ಕೆಡದೆ ಉಳಿಯುವುದೇ ಡಿಡಿಟಿಯ ಬಲವಾಗಿತ್ತು, ಸಾರಿಸಿದರೆ ಆ ಬಲ ಹೋಗುತ್ತಿತ್ತು.

ಉಪಕಾರವನ್ನು ಮರೆಯಬಾರದು. ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. ಅರವತ್ತರ ದಶಕದ ನಡುವೆ ರೋಗಿಗಳ ಸಂಖ್ಯೆ 1 ಲಕ್ಷದ ಆಸುಪಾಸಿಗೆ ಇಳಿಯಿತು. ಡಿಡಿಟಿಯನ್ನು ಬರೀ ಬೈಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಆದರೆ 1976ರ ಹೊತ್ತಿಗೆ ರೋಗಿಗಳು ಮತ್ತೆ 64 ಲಕ್ಷಕ್ಕೆ ಏರಿದರು. ಸೊಳ್ಳೆ ಪುಡಿಗೆ ಒಗ್ಗಿಕೊಂಡದ್ದು ಅದಕ್ಕೆ ಒಂದು ಕಾರಣ. ಮನುಷ್ಯನ ಮೈಗೆ ಹಾಗೆ ಒಗ್ಗುವ ಉಪಾಯ ಇರಲಿಲ್ಲ. 1965ರಲ್ಲಿ ಪ್ರಕಟವಾದ ಅಧ್ಯಯನವೊಂದು ದೆಹಲಿಯ ಜನರ ಮೈಕೊಬ್ಬಿನಲ್ಲಿದ್ದ ಡಿಡಿಟಿಯನ್ನು ಅಳೆಯಿತು, ಆ ಕಾಲಕ್ಕೆ ಜಗತ್ತಿನಲ್ಲಿ ವರದಿಯಾಗಿದ್ದ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ಅಮೆರಿಕ 1972ರಲ್ಲಿ ಡಿಡಿಟಿ ನಿಲ್ಲಿಸಿತು. ನಾವು 1989ರಲ್ಲಿ ಹೊಲಕ್ಕೆ ಹಾಕುವುದನ್ನು ತಡೆದು, ಸೊಳ್ಳೆಗೆಂದು ಉಳಿಸಿಕೊಂಡೆವು. ಜಗತ್ತಿನ ಬಹುಪಾಲು ಬಿಟ್ಟ ಮೇಲೂ ಅದನ್ನು ತಯಾರಿಸುತ್ತ ಉಳಿದ ದೇಶ ನಮ್ಮದು.

ಡಿಡಿಟಿ ಸರಕಾರ ಕಳಿಸಿದ ಅತಿಥಿ. ಗ್ಯಾಮಕ್ಸಿನ್ ನಾವೇ ಕರೆದದ್ದು. ಬಿಎಚ್‌ಸಿ ಪುಡಿ ಎಂದರೂ ಅದೇ. ಹಿರಿಯರನ್ನು ಕೇಳಿ ನೋಡಿ: ಇರುವೆ ಸಾಲಿಗೆ ಗ್ಯಾಮಕ್ಸಿನ್, ತಿಗಣೆಗೆ ಗ್ಯಾಮಕ್ಸಿನ್, ಜೋಳದ ಚೀಲದ ಕೆಳಗೆ ಗ್ಯಾಮಕ್ಸಿನ್. ಹಗೇವಿನಲ್ಲಿ ಬೇವಿನ ಸೊಪ್ಪು, ಬೂದಿ ಹಾಕಿ ಕಾಳು ಕಾಯುತ್ತಿದ್ದ ಜನಕ್ಕೆ ಈ ಪುಡಿ ಎಷ್ಟು ಸಲೀಸು ಅನ್ನಿಸಿರಬೇಕು! ಅದರೊಳಗಿನ ತಮಾಷೆ ಏನೆಂದರೆ, ಕಾರ್ಖಾನೆಯಿಂದ ಬರುವ ಕಚ್ಚಾ ಬಿಎಚ್‌ಸಿಯಲ್ಲಿ ಹುಳ ಕೊಲ್ಲುವ ಗಾಮಾ ರೂಪ ಇರುತ್ತಿದ್ದದ್ದು ನೂರಕ್ಕೆ ಹತ್ತರಿಂದ ಹದಿನೈದು ಪಾಲು. ಮಿಕ್ಕದ್ದು ಅದೇ ಅಣುವಿನ ಬೇರೆ ಜೋಡಣೆಗಳು, ಹುಳಕ್ಕೆ ಹೆಚ್ಚು ತಾಗದ ಸರಕು. ಅದರಲ್ಲೂ ಬೀಟಾ ಎಂಬ ರೂಪ ಎಲ್ಲಕ್ಕಿಂತ ಜಿಗುಟು, ಮೈಕೊಬ್ಬಿನಲ್ಲಿ ಹೊಕ್ಕರೆ ವರ್ಷಗಟ್ಟಲೆ ಹೊರಡುವುದಿಲ್ಲ. ಹುಳಕ್ಕೆ ಬೇಡದ್ದನ್ನು ನಾವು ತಿಂದೆವು ಎಂದರೂ ನಡೆದೀತು.

ಬಿಎಚ್‌ಸಿ 1997ರ ಏಪ್ರಿಲ್‌ನಲ್ಲಿ ನಿಂತಿತು. ಅದರೊಳಗಿನ ಗಾಮಾ ರೂಪವನ್ನಷ್ಟೇ ಶುದ್ಧಮಾಡಿ ಲಿಂಡೇನ್ ಎಂಬ ಹೆಸರಿನಲ್ಲಿ ಮಾರುವುದು ಇನ್ನೂ ಒಂದೂವರೆ ದಶಕ ನಡೆಯಿತು. ತಯಾರಿಕೆ 2011ರಲ್ಲಿ, ಬಳಕೆ 2013ರಲ್ಲಿ ಮುಗಿಯಿತು. ಅದೇ ಅಣು ಹೇನಿಗೆ, ಕಜ್ಜಿಗೆ ಹಚ್ಚುವ ಲೋಷನ್ ಆಗಿ ಔಷಧ ಅಂಗಡಿಯಲ್ಲೂ ಸಿಗುತ್ತಿತ್ತು. ಹೊಲದಿಂದ ಹಗೇವಿಗೆ, ಹಗೇವಿನಿಂದ ಮಕ್ಕಳ ತಲೆಗೆ. ಮನೆ ಕಟ್ಟುವಾಗ ಗೆದ್ದಲು ಹತ್ತಬಾರದೆಂದು ಬುನಾದಿಗೆ ಸುರಿದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಕೂಡ ಇದೇ ಬಳಗದವು. ಅವೂ ತೊಂಬತ್ತರ ದಶಕದಲ್ಲಿ ನಿಂತವು. ಸುರಿದದ್ದು ಮಾತ್ರ ಬುನಾದಿಯಿಂದ ಎದ್ದು ಹೋಗಲಿಲ್ಲ.

ಇನ್ನು ಎಂಡೋಸಲ್ಫಾನ್. ರಾಯಚೂರು ಸೀಮೆಯ ಹತ್ತಿ ಬೆಳೆಗಾರರಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಕಾಯಿಕೊರಕ ಹೆಚ್ಚಾದ ವರ್ಷಗಳಲ್ಲಿ ಇದನ್ನು ಬೆನ್ನ ಮೇಲೆ ಹೊತ್ತು ಹೊಡೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಆದರೆ ಅದರ ನಿಜವಾದ ಬಣ್ಣ ಬಯಲಾದದ್ದು ಇಲ್ಲಿಂದ ಬಹಳ ದೂರ, ಕನ್ನಡ ಮಾತಾಡುವ ಇನ್ನೊಂದು ಗಡಿಯಲ್ಲಿ, ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ ಎಂಬ ಊರಿನಲ್ಲಿ.

ಅಲ್ಲಿ ಗುಡ್ಡದ ಮೇಲೆ ಕೇರಳ ಸರಕಾರದ ತೋಟಗಾರಿಕೆ ನಿಗಮದ ಗೇರು ತೋಟ, ತಗ್ಗಿನಲ್ಲಿ ಜನರ ಮನೆ, ಅಡಿಕೆ ತೋಟ. ಕುಡಿಯುವ ನೀರು ಗುಡ್ಡದ ಹೊಟ್ಟೆಯಲ್ಲಿ ಕೊರೆದ ಸುರಂಗಗಳಿಂದ ಹರಿದು ಬರುತ್ತದೆ. ಗೇರಿನ ಚಿಗುರಿನ ರಸ ಹೀರುವ ಒಂದು ಸಣ್ಣ ಕೀಟಕ್ಕಾಗಿ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು, ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಮೇಲೆ ಸುರಿದದ್ದು ಮಳೆಗೆ ತೊಳೆದು ಕೆಳಗೆ ಬರದೆ ಎಲ್ಲಿಗೆ ಹೋದೀತು? ಮೊದಲು ಗುರುತು ತೋರಿಸಿದ್ದು ದನಗಳು. ಅಂಗ ಊನವಾದ ಕರುಗಳು ಹುಟ್ಟಿದವು. ಆ ಊರಿನವರೇ ಆದ, ಮುಂದೆ ಅಡಿಕೆ ಪತ್ರಿಕೆಯ ಮೂಲಕ ಕನ್ನಡದ ಕೃಷಿಕರಿಗೆಲ್ಲ ಪರಿಚಿತರಾದ ಶ್ರೀ ಪಡ್ರೆ ಅದನ್ನು ಬರೆದರು. ಯಾರೂ ಕಿವಿಗೊಡಲಿಲ್ಲ, ಕರುವಿನ ಸುದ್ದಿಗೆ ಯಾರು ಕಿವಿಗೊಡುತ್ತಾರೆ? ಆಮೇಲೆ ಅಲ್ಲೇ ವಾಣಿನಗರದಲ್ಲಿ ವೈದ್ಯರಾಗಿದ್ದ ವೈ.ಎಸ್. ಮೋಹನ ಕುಮಾರ್, ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಮೂರ್ಛೆ, ಹುಟ್ಟಿನ ಊನ, ಕ್ಯಾನ್ಸರ್ ಅಷ್ಟು ಚಿಕ್ಕ ಊರಿಗೆ ಅತಿಯಾಯಿತೆಂದು ಪಟ್ಟಿ ಮಾಡತೊಡಗಿದರು. ಕೃಷಿ ಇಲಾಖೆಯ ಉದ್ಯೋಗಿಯೇ ಆಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿ ವೈಮಾನಿಕ ಸಿಂಪಡಣೆಗೆ ತಡೆ ತಂದರು.

ಸಮಿತಿಗಳು ಬಂದವು, ಹೋದವು. ರೋಗಕ್ಕೂ ಎಂಡೋಸಲ್ಫಾನಿಗೂ ಸಂಬಂಧ ಸಾಬೀತಾಗಿಲ್ಲ ಎಂದು ಬರೆದ ಸಮಿತಿಗಳೂ ಇದ್ದವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಮಾತ್ರ ಗೇರು ಗುಡ್ಡದ ಬುಡದ ಊರಿನ 117 ಶಾಲಾ ಹುಡುಗರನ್ನು, ಸಿಂಪಡಣೆ ಕಾಣದ ಊರಿನ 90 ಹುಡುಗರ ಜತೆ ಹೋಲಿಸಿ ನೋಡಿದರು. ಗುಡ್ಡದ ಬುಡದ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಅವರು ಪ್ರಾಯಕ್ಕೆ ಬರುವುದು ತಡವಾಗಿತ್ತು. ಈ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಗಡಿಯ ಈಚೆಗೆ ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆ ಕರ್ನಾಟಕದ ಗೇರು ನಿಗಮದ ತೋಟಗಳಲ್ಲೂ ಇದೇ ಎಣ್ಣಿ, ಇದೇ ಹೆಲಿಕಾಪ್ಟರ್, ಇದೇ ಮಕ್ಕಳು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಮಾರಾಟ ತಡೆಯಿತು. ಏಪ್ರಿಲ್ ಕೊನೆಗೆ, ಇಂಥ ಕೆಡದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ತಮ್ಮ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಷೇಧ ಹಾಕಿತು. 2017ರ ಜನವರಿಯಲ್ಲಿ ಅದೇ ಕೋರ್ಟ್, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಬೇಕಾಯಿತು. ಕರುಗಳು ಸಾಕ್ಷಿ ಹೇಳಿದ ಮೇಲೆ ಕಾನೂನು ಎದ್ದು ಬರುವುದಕ್ಕೆ ಮೂರು ದಶಕ ಹಿಡಿಯಿತು.

ಈ ಕರುಗಳ ಸಾಕ್ಷಿಗೆ ಒಂದು ಜೋಡಿ ಇದೆ, ಅಮೆರಿಕದಲ್ಲಿ. ಪಶ್ಚಿಮ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಹತ್ತಿರ ವಿಲ್ಬರ್ ಟೆನಂಟ್ ಎಂಬ ರೈತನ ದನಗಳು ತೊರೆಯೊಂದರ ನೀರು ಕುಡಿದು ನೂರಕ್ಕೂ ಹೆಚ್ಚು ಸತ್ತವು. ತೊರೆಯ ಮೇಲುಗಡೆ ಡ್ಯೂಪಾಂಟ್ ಕಂಪನಿಯ ಕಸದ ಗುಂಡಿ ಇತ್ತು. ಊರಿನ ವೈದ್ಯರು, ವಕೀಲರು ಯಾರೂ ಅವನ ಬೆನ್ನಿಗೆ ನಿಲ್ಲಲಿಲ್ಲ. ರಾಬ್ ಬಿಲಾಟ್ ಎಂಬ ವಕೀಲ 1999ರಲ್ಲಿ ಮೊಕದ್ದಮೆ ಹೂಡಿ ಕಂಪನಿಯ ಕಾಗದಗಳನ್ನು ಕೆದಕಿದಾಗ ಹೊರಬಿದ್ದದ್ದು ಪಿಎಫ್‌ಒಎ ಎಂಬ ರಾಸಾಯನಿಕ. ಅದು ಕೀಟನಾಶಕವಲ್ಲ. ನಮ್ಮ ನಿಮ್ಮ ಅಡುಗೆಮನೆಯ ನಾನ್‌ಸ್ಟಿಕ್ ಲೇಪ ತಯಾರಿಸಲು ಕಾರ್ಖಾನೆಯಲ್ಲಿ ಬಳಸುತ್ತಿದ್ದ ಸಹಾಯಕ ವಸ್ತು.

ಟೆಫ್ಲಾನ್ ಎಂದು ಜಗತ್ತು ಕರೆಯುವ ಪದಾರ್ಥವನ್ನು ರಾಯ್ ಪ್ಲಂಕೆಟ್ 1938ರಲ್ಲಿ ಅಕಸ್ಮಾತ್ತಾಗಿ ಕಂಡ. ಇಂಗಾಲ ಮತ್ತು ಫ್ಲೋರಿನ್ ಬೆಸೆದುಕೊಂಡ ಈ ಕುಟುಂಬದಲ್ಲಿ ಈಗ ಸಾವಿರಾರು ರಾಸಾಯನಿಕಗಳಿವೆ. ಒಟ್ಟಾಗಿ ಪಿಫಾಸ್ ಎನ್ನುತ್ತಾರೆ. ನೀರು ಅಂಟದು, ಎಣ್ಣೆ ಅಂಟದು, ಕಾವಿಗೆ ಸುಲಭಕ್ಕೆ ಕರಗದು. ಹಾಗಾಗಿ ತವಾಕ್ಕೆ, ನೀರು ಹೀರದ ಜಾಕೆಟ್ಟಿಗೆ, ಕಲೆ ಹಿಡಿಯದ ಸೋಫಾ ಬಟ್ಟೆಗೆ, ಎಣ್ಣೆ ಸೋರದ ತಿಂಡಿ ಕಾಗದಕ್ಕೆ, ಬೆಂಕಿ ನಂದಿಸುವ ನೊರೆಗೆ, ಕೆಲವು ಜಾತಿಯ ಸೌಂದರ್ಯ ಸಾಮಗ್ರಿಗೆ ಎಲ್ಲಕ್ಕೂ ಬಂತು. ಡಿಡಿಟಿ ಕೊಬ್ಬಿನಲ್ಲಿ ಕೂತರೆ ಇವುಗಳಲ್ಲಿ ಹಲವು ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಪಿಎಫ್‌ಒಎ ಇವತ್ತು ಮೈಗೆ ಸೇರುವುದು ಪೂರ್ತಿ ನಿಂತರೂ ರಕ್ತದಲ್ಲಿ ಇರುವುದರಲ್ಲಿ ಅರ್ಧ ಇಳಿಯುವುದಕ್ಕೇ ಎರಡರಿಂದ ನಾಲ್ಕು ವರ್ಷ ಬೇಕು.

ಪಾರ್ಕರ್ಸ್‌ಬರ್ಗ್ ಕಡೆಯ ಸುಮಾರು 69,000 ಜನ ರಕ್ತ ಕೊಟ್ಟರು. ಅದನ್ನು ಅಧ್ಯಯನ ಮಾಡಿದ ವಿಜ್ಞಾನಿಗಳ ತಂಡ 2012ರ ಹೊತ್ತಿಗೆ ಆರು ತೊಂದರೆಗಳನ್ನು ಹೆಸರಿಸಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ದೊಡ್ಡ ಕರುಳಿನ ಹುಣ್ಣು, ಬಸುರಿಯರ ರಕ್ತದೊತ್ತಡ, ಏರಿದ ಕೊಲೆಸ್ಟರಾಲ್. 2017ರಲ್ಲಿ ಕಂಪನಿಗಳು ಸುಮಾರು 67 ಕೋಟಿ ಡಾಲರ್ ಕೊಟ್ಟು ಮೊಕದ್ದಮೆಗಳನ್ನು ಬಗೆಹರಿಸಿಕೊಂಡವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರ ಕೊನೆಗೆ ಪಿಎಫ್‌ಒಎಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಇಷ್ಟು ಓದಿ ಮನೆಯ ನಾನ್‌ಸ್ಟಿಕ್ ತವಾವನ್ನು ತಿಪ್ಪೆಗೆ ಎಸೆಯಲು ಎದ್ದಿದ್ದರೆ ಸ್ವಲ್ಪ ತಡೆಯಿರಿ. ಹದವಾದ ಕಾವಿನಲ್ಲಿ, ಗೀರು ಬೀಳದ ಲೇಪ ತಾನಾಗಿ ದೊಡ್ಡ ಅಪಾಯ ಮಾಡುವುದಿಲ್ಲ. ದೊಡ್ಡ ಕಂಪನಿಗಳು 2015ರ ಹೊತ್ತಿಗೆ ಪಿಎಫ್‌ಒಎ ಬಳಕೆಯನ್ನೂ ಬಿಟ್ಟಿವೆ. ಅಪಾಯ ಹೆಚ್ಚಿರುವುದು ಅದನ್ನು ತಯಾರಿಸುವ ಕಡೆ ಮತ್ತು ಬಿಸಾಡುವ ಕಡೆ. ಆದರೂ ನಮ್ಮ ಕಡೆಯ ಅಡುಗೆಗೆ ಒಂದು ಮಾತು ಹೇಳಲೇಬೇಕು. ಜೋಳದ ರೊಟ್ಟಿಗೆ ಬೇಕಾದ ಕಾವು ದೋಸೆಯ ಕಾವಲ್ಲ. ಖಾಲಿ ನಾನ್‌ಸ್ಟಿಕ್ ತವಾ ದೊಡ್ಡ ಉರಿಯ ಮೇಲೆ ಕೂತರೆ ಸುಮಾರು 260 ಡಿಗ್ರಿ ದಾಟಿದ ಮೇಲೆ ಲೇಪ ಕೆಡತೊಡಗುತ್ತದೆ, ಇನ್ನೂ ಏರಿದರೆ ಹೊಗೆ ಬರುತ್ತದೆ; ಮನೆಯಲ್ಲಿ ಸಾಕಿದ ಗಿಳಿಯಂಥ ಹಕ್ಕಿಗಳು ಆ ಹೊಗೆಗೆ ಸತ್ತಿವೆ, ಮನುಷ್ಯರಿಗೆ ಜ್ವರ ಬಂದಂತಾಗುತ್ತದೆ. ಕಬ್ಬಿಣದ ಹಂಚಿಗೆ ಈ ಯಾವ ತಾಪತ್ರಯವೂ ಇಲ್ಲ. ರೊಟ್ಟಿ ಬಡಿಯಲು ಬಂದವರು ಹಂಚನ್ನು ಬಿಡಬೇಕಾಗಿಯೇ ಇರಲಿಲ್ಲ. ಮದುವೆ ಉಡುಗೊರೆಯಾಗಿ ಬಂದ ಡಬ್ಬಿಯಲ್ಲಿ ತವಾ ಇತ್ತು, ಒಲೆ ಏರಿತು, ಅಷ್ಟೇ.

ಕಾನೂನಿನ ದಾರಿ ಹೀಗಿದೆ. ಸ್ಟಾಕ್‌ಹೋಮ್ ಒಪ್ಪಂದ 2001ರಲ್ಲಿ ಹನ್ನೆರಡು ವಸ್ತುಗಳ ಪಟ್ಟಿಯೊಂದಿಗೆ ಹುಟ್ಟಿತು, ಅದರಲ್ಲಿ ಒಂಬತ್ತು ಕೀಟನಾಶಕಗಳು. ಈಗ ಪಟ್ಟಿ ಮೂವತ್ತು ದಾಟಿದೆ. ಪಿಎಫ್‌ಒಎಸ್ ಎಂಬ ಪಿಫಾಸ್ 2009ರಲ್ಲಿ ಸೇರಿತು, ಪಿಎಫ್‌ಒಎ 2019ರಲ್ಲಿ. ಗೆದ್ದಲಿಗೆ ನಾವು ಇಂದಿಗೂ ಮನೆಯ ಸುತ್ತ ಸುರಿಯುವ ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ, ಕೆಲವು ವಿನಾಯಿತಿಗಳೊಂದಿಗೆ, ಪಟ್ಟಿಗೆ ಬಂತು. ಭಾರತ ಈ ಒಪ್ಪಂದವನ್ನು 2006ರ ಜನವರಿಯಲ್ಲಿ ಅನುಮೋದಿಸಿತು. ಆದರೆ ಹೊಸದಾಗಿ ಸೇರುವ ಹೆಸರುಗಳು ನಮಗೆ ತಾವಾಗಿ ಅನ್ವಯಿಸುವುದಿಲ್ಲ, ನಾವು ಒಪ್ಪಿದಾಗ ಮಾತ್ರ. 2018ರ ನಿಯಮದಲ್ಲಿ ಏಳು ವಸ್ತುಗಳನ್ನು ತಡೆದೆವು, 2020ರಲ್ಲಿ ಅವನ್ನು ಅಂತರರಾಷ್ಟ್ರೀಯವಾಗಿ ಒಪ್ಪಿದೆವು. ಟಿವಿ ಕವಚ, ಸೀಟಿನ ಸ್ಪಂಜು, ಥರ್ಮಕೋಲಿಗೆ ಬೆಂಕಿ ಹತ್ತದಂತೆ ಬೆರೆಸುವ ಬ್ರೋಮಿನ್ ರಾಸಾಯನಿಕಗಳು ಅದರಲ್ಲಿವೆ. ಪಿಫಾಸ್ ಒಂದೂ ಇಲ್ಲ.

ಒಂದೊಂದೇ ಹೆಸರು ಹಿಡಿದು ನಿಷೇಧಿಸುವ ಈ ಪದ್ಧತಿಯಲ್ಲಿ ಕಂಪನಿಗಳಿಗೆ ಯಾವಾಗಲೂ ಮುಂದಿನ ಹೆಸರು ಸಿದ್ಧವಿರುತ್ತದೆ. ಬಿಎಚ್‌ಸಿ ಹೋದಾಗ ಲಿಂಡೇನ್ ಇತ್ತು. ಪಿಎಫ್‌ಒಎ ಹೋದಾಗ ಜೆನ್‌ಎಕ್ಸ್ ಬಂತು. ಅದೂ ಇಂಗಾಲ, ಫ್ಲೋರಿನ್ ಬೆಸುಗೆಯೇ, ಅದೂ ಈಗ ನದಿಗಳಲ್ಲಿ ಸಿಗುತ್ತಿದೆ. ಹೆಸರಷ್ಟೇ ಅಲ್ಲ, ಯಂತ್ರಗಳೂ ಊರು ಬದಲಿಸುತ್ತವೆ. ಇಟಲಿಯ ವಿಚೆನ್ಸಾ ಬಳಿ ಪಿಫಾಸ್ ತಯಾರಿಸಿ ಲಕ್ಷಾಂತರ ಜನರ ಕುಡಿಯುವ ನೀರು ಕೆಡಿಸಿದ ಮಿಟೆನಿ ಕಾರ್ಖಾನೆ 2018ರಲ್ಲಿ ದಿವಾಳಿಯಾಯಿತು. 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಅದಕ್ಕೆ ಸಂಬಂಧಪಟ್ಟ ಹನ್ನೊಂದು ಅಧಿಕಾರಿಗಳಿಗೆ ಜೈಲು ಶಿಕ್ಷೆ ವಿಧಿಸಿತು. ಅದರ ಯಂತ್ರಗಳನ್ನು ಅಷ್ಟರಲ್ಲಿ ಭಾರತದ ಕಂಪನಿಯೊಂದು ಹರಾಜಿನಲ್ಲಿ ಕೊಂಡು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಗೆ ತಂದಾಗಿತ್ತು. ಅಲ್ಲಿ ಬೇಡವಾದದ್ದು ಇಲ್ಲಿಗೆ ತಡವಾಗಿ ಬರುತ್ತದೆ, ಬಂದ ಮೇಲೆ ಬಹಳ ದಿನ ಇರುತ್ತದೆ. ಡಿಡಿಟಿಯಲ್ಲಿ ನೋಡಿದ್ದೂ ಇದನ್ನೇ.

ಪೋತ್ನಾಳ ಸೀಮೆಗೆ ಮರಳಿದರೆ, ನನಗೆ ತವಾಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಖಾಲಿ ಕ್ಯಾನು. ಎಣ್ಣಿ ಮುಗಿದ ಐದು ಲೀಟರಿನ ಗಟ್ಟಿ ಕ್ಯಾನನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಸೋಪು ಹಾಕಿ ತೊಳೆದು ಡೀಸೆಲ್ಲಿಗೆ, ಬಯಲಿಗೆ ಹೋಗುವ ನೀರಿಗೆ, ಕೆಲವು ಸಲ ಹೊಲಕ್ಕೆ ಒಯ್ಯುವ ಕುಡಿಯುವ ನೀರಿಗೇ ಬಳಸುತ್ತಾರೆ. ಪ್ಲಾಸ್ಟಿಕ್ಕಿನ ಒಳಮೈ ಎಣ್ಣಿಯನ್ನು ಹೀರಿಕೊಂಡಿರುತ್ತದೆ, ಸೋಪಿಗೆ ಅದು ಬಗ್ಗುವುದಿಲ್ಲ. ಖಾಲಿ ಡಬ್ಬಿಯನ್ನು ಒಡೆದು ಊರಾಚೆ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಯಾರು ಹೂಳುತ್ತಾರೆ? ಗುಜರಿಯವನಿಗೆ ಕೊಟ್ಟರೆ ನಾಲ್ಕು ಕಾಸು ಬರುತ್ತದೆ. ಅವನು ಒಯ್ದದ್ದು ಕರಗಿ, ಬಕೆಟ್ಟೋ ಚೊಂಬೋ ಆಗಿ ಯಾವ ಮನೆಯ ಬಚ್ಚಲಿಗೆ ಬರುತ್ತದೆ ಎಂಬ ಲೆಕ್ಕ ಯಾರ ಹತ್ತಿರವೂ ಇಲ್ಲ. ಮಾರಿದ ಅಂಗಡಿಯೇ ಖಾಲಿ ಕ್ಯಾನನ್ನು ವಾಪಸು ತಗೊಳ್ಳಬೇಕು, ಕಂಪನಿ ಅದಕ್ಕೆ ಹಣ ಕೊಡಬೇಕು ಎಂದು ಕಟ್ಟುನಿಟ್ಟು ಮಾಡದ ಹೊರತು ರೈತನಿಗೆ ಬುದ್ಧಿ ಹೇಳಿ ಫಲವಿಲ್ಲ.

ಇನ್ನೊಂದು ದಿಗಿಲು, ತಿಪ್ಪೆಗೆ ಹಚ್ಚುವ ಬೆಂಕಿ. ಕಸದ ಗಾಡಿ ಎಲ್ಲ ಓಣಿಗೂ ಬರುವುದಿಲ್ಲ, ಬಂದರೂ ಒಯ್ದದ್ದಕ್ಕೆ ಊರ ಹೊರಗೆ ಬೆಂಕಿಯೇ ಗತಿ. ಪಿವಿಸಿ ಪೈಪಿನ ತುಂಡು, ರೆಕ್ಸಿನ್, ಹರಿದ ಚಪ್ಪಲಿ, ತಾಮ್ರಕ್ಕಾಗಿ ಸುಡುವ ವೈರು, ಇವುಗಳ ಕ್ಲೋರಿನ್ ಅರೆಬರೆ ಬೆಂಕಿಯಲ್ಲಿ ಡಯಾಕ್ಸಿನ್ ಆಗುತ್ತದೆ. ಡಯಾಕ್ಸಿನ್ ಯಾರೂ ತಯಾರಿಸಿ ಮಾರುವ ಸರಕಲ್ಲ, ಬ್ಯಾನ್ ಮಾಡಲು ಅಂಗಡಿಯೇ ಇಲ್ಲ. ನಾವೇ ಕಡ್ಡಿ ಗೀರಿ ಹುಟ್ಟಿಸುತ್ತೇವೆ. ಮೈಗೆ ಹೊಕ್ಕರೆ ಅರ್ಧ ಇಳಿಯಲು ಏಳರಿಂದ ಹನ್ನೊಂದು ವರ್ಷ. ಕಟ್ಟಿಗೆ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರು ಬಳಸುವ ಅಕ್ಕ, ಅವ್ವಂದಿರಿಗೆ ಇದೊಂದನ್ನು ದಯವಿಟ್ಟು ಹೇಳಿ. ಒಂದು ಹಿಡಿ ಹತ್ತಿಕಟ್ಟಿಗೆ ಅದೇ ಕೆಲಸ ಮಾಡುತ್ತದೆ.

ಮೂರನೆಯದು ನೀರು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರಿನ ಗದ್ದೆಗಳನ್ನು ದಾಟಿ ನಮ್ಮತ್ತ ಬರುತ್ತದೆ. ಕೊನೆಭಾಗದವರಿಗೆ ನೀರು ಸಾಲುವುದಿಲ್ಲ ಎಂಬ ಜಗಳ ಪ್ರತಿ ವರ್ಷದ್ದು, ಎಲ್ಲರಿಗೂ ಗೊತ್ತು. ಬರುವ ನೀರಿನಲ್ಲಿ ಮೇಲ್ಭಾಗದವರ ಗದ್ದೆಯದೇನು ಬಂತು ಎಂಬ ಜಗಳವನ್ನು ಮಾತ್ರ ಇನ್ನೂ ಯಾರೂ ಹೂಡಿಲ್ಲ. ಅದೇ ನೀರನ್ನು ಕೆರೆಗೆ ತುಂಬಿಸಿಟ್ಟು ಬೇಸಿಗೆಯಲ್ಲಿ ಕುಡಿಯುತ್ತೇವೆ. ಬೋರಿನ ನೀರಿನಲ್ಲಿ ಫ್ಲೋರೈಡ್ ಕಾಟ ಇರುವಲ್ಲಿ ಶುದ್ಧ ನೀರಿನ ಘಟಕದ ಕ್ಯಾನು ತರುತ್ತೇವೆ. ಕೆಟ್ಟು ನಿಲ್ಲದ ಆರ್‌ಒ ಘಟಕ ಈ ಹಳೆಯ ವಿಷಗಳಲ್ಲಿ ಬಹುಪಾಲನ್ನೂ ತಡೆಯುತ್ತದೆ ಎನ್ನುವುದು ಅದರ ಪುಣ್ಯ. ಪಂಚಾಯಿತಿಯಲ್ಲಿರುವ ನೀರು ಪರೀಕ್ಷೆಯ ಪೆಟ್ಟಿಗೆ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕ್ಲೋರಿನ್ ತೋರಿಸುತ್ತದೆ. ಕೀಟನಾಶಕವನ್ನು ತೋರಿಸುವುದಿಲ್ಲ. ಹೀಗಾಗಿ "ನೀರು ಪಾಸಾಗೇದ" ಎಂದು ವಾಟರ್‌ಮನ್ ಹೇಳಿದರೆ ಅವನ ಮಾತು ಸುಳ್ಳಲ್ಲ, ಪರೀಕ್ಷೆಯೇ ಅಷ್ಟು.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರಲ್ಲಿ ಡಿಡಿಟಿಗೆ ಲೀಟರಿಗೆ 1 ಮೈಕ್ರೊಗ್ರಾಂ, ಎಂಡೋಸಲ್ಫಾನಿಗೆ 0.4 ಮೈಕ್ರೊಗ್ರಾಂ ಮಿತಿ ಇದೆ. ಪಿಫಾಸಿಗೆ ಮಿತಿಯೇ ಇಲ್ಲ. ಅಮೆರಿಕ 2024ರಲ್ಲಿ ಪಿಎಫ್‌ಒಎಗೆ ಲೀಟರಿಗೆ 4 ನ್ಯಾನೊಗ್ರಾಂ ಎಂದು ಗೆರೆ ಎಳೆಯಿತು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು.

ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಶೇಷ ಪತ್ತೆ ಮಾಡುವ ಪ್ರಯೋಗಾಲಯ ಇದೆ. ಮಾನ್ವಿ, ದೇವದುರ್ಗದಿಂದ ಅಲ್ಲಿಗೆ ಹೋಗಲು ಬಸ್ಸು ಸಾಕು. ವರ್ಷಕ್ಕೆ ಎರಡು ಸಲ, ಕಾಲುವೆಯಿಂದ ಕೆರೆ ತುಂಬಿಸಿದ ಕೂಡಲೇ ಒಮ್ಮೆ, ಕೆರೆ ತಳ ಕಾಣುವ ಏಪ್ರಿಲ್‌ನಲ್ಲಿ ಒಮ್ಮೆ, ಕುಡಿಯುವ ನೀರಿನ ಮಾದರಿ ಅಲ್ಲಿಗೆ ಹೋಗಲಿ, ವರದಿ ಪಂಚಾಯಿತಿ ಗೋಡೆಯ ಮೇಲೆ ಅಂಟಲಿ. ಮುಂದಿನ ಗ್ರಾಮಸಭೆಯಲ್ಲಿ ಮನೆ, ರಸ್ತೆ, ಚರಂಡಿಯ ಅರ್ಜಿಗಳ ಜತೆ ಇದನ್ನೂ ಒಂದು ಠರಾವು ಮಾಡಿಸಿ. ಕೈ ಎತ್ತಲು ಹೆಣ್ಣುಮಕ್ಕಳನ್ನು ಮುಂದೆ ಕೂಡಿಸಿ, ನೀರು ಹೊರುವವರು ಅವರೇ.